ನೀನು ಯಾರ ಪೈಕಿ?

ಕುಡತಿನಿಯ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಯಾವ ಕಟ್ಟೆಯ ಮೇಲೆ ಹೋಗಿ ಕುಂತರೂ ಹಿರಿಯರು ಮೊದಲು ಕೇಳುವುದು ಹೆಸರನ್ನಲ್ಲ. "ಯಾರ ಪೈಕಿ ನೀನು?" ಎಂದು ಕೇಳುತ್ತಾರೆ. ಬರೀ ಹೆಸರು ಹೇಳಿದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಅಪ್ಪನ ಹೆಸರು, ಅಜ್ಜನ ಹೆಸರು, ಮನೆತನದ ಅಡ್ಡಹೆಸರು ಹೊರಬಿದ್ದ ಮೇಲೆಯೇ ಅವರ ಮುಖದಲ್ಲಿ ಗುರುತು ಮೂಡುವುದು. ಇದರಲ್ಲಿ ಕುತೂಹಲಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಬಳ್ಳಾರಿ ಸೀಮೆಯ ಯಾವ ಊರಲ್ಲೂ ಎರ್ರಿಸ್ವಾಮಿಗಳಿಗೆ ಬರವಿಲ್ಲ. ಇವನು ಯಾವ ಎರ್ರಿಸ್ವಾಮಿ ಎಂಬುದು ಅಪ್ಪನ ಹೆಸರು ಬಂದಾಗಲೇ ಗೊತ್ತಾಗುವುದು.

ಕಂಪ್ಯೂಟರಿನ ಹೊಟ್ಟೆಯೊಳಗೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ಅದೇ ಊರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ. ಪಹಣಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ವಂಶವೃಕ್ಷ ಇವುಗಳನ್ನು ಸ್ಕ್ಯಾನ್ ಮಾಡಿ ಅರ್ಜಿ ಹಾಕಿಕೊಡುವುದು ಅಲ್ಲಿನ ಕಸುಬು. ಅದರಲ್ಲೂ ವಂಶವೃಕ್ಷಕ್ಕೆ ಈ ಭಾಗದಲ್ಲಿ ಬೇಡಿಕೆ ಜಾಸ್ತಿ. 2010ರ ಆಸುಪಾಸಿನಲ್ಲಿ ಕೈಗಾರಿಕೆಗಳಿಗೆಂದು ಸಾವಿರಾರು ಎಕರೆ ಭೂಮಿ ಸ್ವಾಧೀನವಾದ ಸೀಮೆ ಇದು. ಪರಿಹಾರವೇ ಇರಲಿ, ಪೌತಿ ಖಾತೆಯೇ ಇರಲಿ, ಯಾರು ಯಾರ ಮಗ ಎಂಬ ಕಾಗದವಿಲ್ಲದೆ ಕಡತ ಮೇಜಿನಿಂದ ಮೇಜಿಗೆ ಜರುಗುವುದಿಲ್ಲ. ಅಂಗಡಿಯ ಮಾಲೀಕರ ಹಳೆಯ ಕಂಪ್ಯೂಟರಿಗೆ ಅವರ ಸೋದರಳಿಯ, ಡಿಪ್ಲೊಮಾ ಓದುವ ಹುಡುಗ, ಲಿನಕ್ಸ್ ಬಳಗದ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದ. ಹಳ್ಳಿಗಾಡಿನಲ್ಲಿ ಉಬುಂಟು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಮ್ಮ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನದ ಮೇಷ್ಟ್ರುಗಳು ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಕಲಿತು ಹತ್ತು ವರ್ಷದ ಮೇಲಾಯಿತು.

ಅವತ್ತು ಸಂಜೆ ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಮೌಸ್ ಅಲುಗಾಡಿಸಿದರೆ ಬಾಣದ ಗುರುತು ಎರಡು ಉಸಿರು ತಡೆದು ಜರುಗುತ್ತಿತ್ತು. ಹೊರಗೆ ಸರತಿಯಲ್ಲಿ ಏಳೆಂಟು ಮಂದಿ ನಿಂತಿದ್ದರು.

"ಅಣ್ಣಾ, ಇದಕ್ಕ ದೆವ್ವ ಬಡದೈತಿ ನೋಡ್ರಿ. ಸಾಯಿಸಿದಂಗೆಲ್ಲ ಮತ್ತ ಹುಟ್ಟತೈತಿ" ಎಂದರು ಮಾಲೀಕರು.

ಅವರು ಸಿಸ್ಟಮ್ ಮಾನಿಟರ್ ತೆರೆದು ಕೂತಿದ್ದರು. ಅದರಲ್ಲಿ 'ಜಿಜಿಪ್' ಎಂಬ ಒಂದೇ ಹೆಸರು ಸಾಲುಸಾಲಾಗಿ ಇಳಿದಿತ್ತು. ಒಂದನ್ನು ಆರಿಸಿ ಕೊಲ್ಲುವುದು, ಇನ್ನೊಂದನ್ನು ಆರಿಸಿ ಕೊಲ್ಲುವುದು. ನಿಮಿಷ ಕಳೆಯುವುದರಲ್ಲಿ ಹೊಸದೊಂದು ಹಾಜರು. ರಕ್ತಬೀಜಾಸುರನ ಕಥೆ. ಕಣ್ಣಿಗೆ ಕಂಡದ್ದನ್ನು ಹೊಡೆಯುತ್ತಾ ಹೋದರೆ ಆ ಕಥೆಯಲ್ಲಿ ದೇವತೆಗಳಿಗೇ ಸಾಕಾಗಿತ್ತು. ಝೆರಾಕ್ಸ್ ಅಂಗಡಿಯವರ ಪಾಡೇನು!

ನಾನು ಟರ್ಮಿನಲ್ ತೆರೆದೆ. ಆ ಕಪ್ಪು ಪರದೆಯನ್ನು ಕಂಡರೆ ಬಹಳ ಮಂದಿಗೆ ಸಿನಿಮಾದ ಹ್ಯಾಕರ್ ನೆನಪಾಗುತ್ತಾನೆ. ನಿಜಕ್ಕೂ ಅದು ಹಳ್ಳಿಯ ಚಾವಡಿ ಇದ್ದಂತೆ: ಚಿತ್ರವಿಲ್ಲ, ಬಣ್ಣವಿಲ್ಲ, ಕೇಳಿದ್ದಕ್ಕೆ ಉತ್ತರ.

ಮೊದಲು ಇಂಗ್ಲಿಷಿನ ಪಿ, ಎಸ್ ಎಂಬ ಎರಡಕ್ಷರ. 'ಪಿಎಸ್' ಎಂಬುದು ಕಂಪ್ಯೂಟರಿನಲ್ಲಿ ಈ ಕ್ಷಣ ಜೀವಂತ ಇರುವ ಪ್ರೋಸೆಸ್‌ಗಳ, ಅಂದರೆ ಓಡುತ್ತಿರುವ ಪ್ರೋಗ್ರಾಮುಗಳ, ಜನಗಣತಿ. ಬರೀ ಪಿಎಸ್ ಎಂದರೆ ನಿಮ್ಮ ಟರ್ಮಿನಲ್ಲಿನದಷ್ಟೇ ತೋರಿಸುತ್ತದೆ. ಜೊತೆಗೆ ಒಂದು ಅಡ್ಡಗೆರೆ ಹಾಕಿ ಇ, ಎಫ್ ಸೇರಿಸಿದರೆ ಊರಿಗೆ ಊರೇ ಇಳಿಯುತ್ತದೆ, ಸಾಧಾರಣ ಕಂಪ್ಯೂಟರಿನಲ್ಲೂ ಇನ್ನೂರು ಮುನ್ನೂರು ಸಾಲು. ಪ್ರತಿ ಸಾಲಿನಲ್ಲಿ ಮೊದಲು ಮಾಲೀಕನ ಹೆಸರು, ಆಮೇಲೆ ಎರಡು ಸಂಖ್ಯೆ. ಮೊದಲನೆಯದು ಪಿಐಡಿ, ಪ್ರೋಸೆಸ್‌ನ ಸ್ವಂತ ನಂಬರು. ಎರಡನೆಯದು ಪಿಪಿಐಡಿ, ಅಪ್ಪನ ನಂಬರು. ಹೆಚ್ಚಿನವರ ಕಣ್ಣು ಈ ಎರಡನೆಯ ಸಂಖ್ಯೆಯ ಮೇಲೆ ನಿಲ್ಲುವುದೇ ಇಲ್ಲ. ಸಾಲಿನ ಕೊನೆಯಲ್ಲಿರುವ ಹೆಸರಿಗೆ ಹಾರಿಬಿಡುತ್ತದೆ. ಕಟ್ಟೆಯ ಹಿರಿಯರಾಗಿದ್ದರೆ ಮೊದಲು ನೋಡುತ್ತಿದ್ದದ್ದು ಅದನ್ನೇ.

ಮುನ್ನೂರು ಸಾಲಿನಲ್ಲಿ ಅಪ್ಪನ ನಂಬರು ಹಿಡಿದು, ಆ ಅಪ್ಪನ ಸಾಲು ಹುಡುಕಿ, ಅವನ ಅಪ್ಪನನ್ನು ಹುಡುಕಿ ಹೋಗುವುದು ಕೈಯಿಂದ ಆಗುವ ಕೆಲಸವೇ, ಆದರೆ ಬೇಸರದ್ದು. ಅದಕ್ಕೇ 'ಪಿಎಸ್‌ಟ್ರೀ' ಇದೆ. ವರ್ನರ್ ಆಲ್ಮೆಸ್‌ಬರ್ಗರ್ ಬರೆದು, ಕ್ರೇಗ್ ಸ್ಮಾಲ್ ಮುಂದುವರಿಸಿಕೊಂಡು ಬಂದಿರುವ ಪುಟ್ಟ ಪ್ರೋಗ್ರಾಮು. ಲಿನಕ್ಸ್ ಬಳಗದಲ್ಲಿ ಬಹುತೇಕ ಎಲ್ಲ ಕಡೆ ಸಿಗುತ್ತದೆ. ಅದೇ ಜನಗಣತಿಯನ್ನು ಕವಲು ಕವಲಾಗಿ ಬರೆದು ತೋರಿಸುತ್ತದೆ. ಅವತ್ತು ಪರದೆಯ ಮೇಲೆ ಮೂಡಿದ ಕವಲುಗಳಲ್ಲಿ ಒಂದು ಹೀಗಿತ್ತು (ಕನ್ನಡ ಅಕ್ಷರಕ್ಕೆ ತಂದಿದ್ದೇನೆ):

ಸಿಸ್ಟಮ್‌ಡಿ ── ಕ್ರಾನ್ ── 17*[ಕ್ರಾನ್ ── ಎಸ್‌ಎಚ್ ── ಟಾರ್ ── ಜಿಜಿಪ್]

ಒಂದೇ ಸಾಲು. ಒಂದೇ ಬಗೆಯ ಕವಲುಗಳು ಹಲವು ಇದ್ದರೆ ಪಿಎಸ್‌ಟ್ರೀ ಹೀಗೆ ಗುಣಿಸಿ ಮಡಚಿಡುತ್ತದೆ. ಬಲದಿಂದ ಎಡಕ್ಕೆ ಓದಿ. ಕಡತಗಳನ್ನು ಹಿಂಡಿ ಚಿಕ್ಕದಾಗಿಸುವ ಜಿಜಿಪ್, ಅದನ್ನು ಹುಟ್ಟಿಸಿದ್ದು ಕಡತಗಳ ಗಂಟು ಕಟ್ಟುವ ಟಾರ್, ಅದನ್ನು ಹುಟ್ಟಿಸಿದ್ದು ಯಾರೋ ಬರೆದ ಒಂದು ಸ್ಕ್ರಿಪ್ಟು (ಎಸ್‌ಎಚ್), ಅದನ್ನು ಹುಟ್ಟಿಸಿದ್ದು ಕ್ರಾನ್. ಗಡಿಯಾರ ನೋಡಿಕೊಂಡು ಹೊತ್ತುಹೊತ್ತಿಗೆ ಕೆಲಸ ಶುರುಮಾಡಿಸುವ ಮೇಸ್ತ್ರಿ ಅದು. ಅಂಥ ಮನೆತನ ಹದಿನೇಳು.

ದೆವ್ವ ಬಡಿದದ್ದು ಎಲ್ಲಿಂದ ಎಂಬುದು ಅಷ್ಟಕ್ಕೇ ತಿಳಿಯಿತು. ಸೋದರಳಿಯನಿಗೆ ಫೋನ್ ಹಚ್ಚಿದೆವು. ಸ್ಕ್ಯಾನ್ ಮಾಡಿದ ಕಾಗದಗಳ ಫೋಲ್ಡರನ್ನು ಗಂಟು ಕಟ್ಟಿ ಬೇರೆ ಕಡೆ ಇಡುವ ಸ್ಕ್ರಿಪ್ಟನ್ನು ಅವನೇ ಬರೆದಿದ್ದ, ನಿಮಿಷಕ್ಕೊಮ್ಮೆ ನಡೆಸು ಎಂದು ಕ್ರಾನ್‌ಗೆ ಹೇಳಿದ್ದ. ಮೊದಮೊದಲು ಫೋಲ್ಡರಿನಲ್ಲಿ ಹತ್ತು ಕಾಗದ ಇದ್ದಾಗ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಈಗ ಸಾವಿರಾರು ವಂಶವೃಕ್ಷ, ಪಹಣಿ. ಒಂದು ಗಂಟು ಕಟ್ಟಿ ಮುಗಿಯುವ ಮುಂಚೆ ಮುಂದಿನ ನಿಮಿಷ ಬರುತ್ತದೆ, ಕ್ರಾನ್ ಇನ್ನೊಬ್ಬನನ್ನು ಕಳಿಸುತ್ತದೆ, ಅವನು ಮುಗಿಸುವ ಮೊದಲು ಮತ್ತೊಬ್ಬ. ಎಲ್ಲರೂ ಒಂದೇ ಡಿಸ್ಕಿಗೆ ಮುಗಿಬಿದ್ದಾಗ ಎಲ್ಲರ ಕೆಲಸವೂ ಇನ್ನಷ್ಟು ನಿಧಾನ. ಜಿಜಿಪ್‌ನದು ಇದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಕೂಲಿಯವನನ್ನು ಹೊಡೆದು ಓಡಿಸಿದರೆ ಮೇಸ್ತ್ರಿ ಬೇರೆ ಕೂಲಿಯವನನ್ನು ತರುತ್ತಾನೆ.

ಅಪ್ಪ-ಮಗ ಎಂಬ ಮಾತು ನಾನು ಹೋಲಿಕೆಗಾಗಿ ತಂದದ್ದಲ್ಲ. ಯುನಿಕ್ಸ್‌ನ ಪರಿಭಾಷೆಯೇ ಅದು. ಯುನಿಕ್ಸ್, ಅದರ ದಾರಿಯಲ್ಲೇ ಬಂದ ಲಿನಕ್ಸ್, ಎರಡರಲ್ಲೂ ಯಾವ ಪ್ರೋಸೆಸ್ಸೂ ಶೂನ್ಯದಿಂದ ಉದ್ಭವಿಸುವುದಿಲ್ಲ. ಈಗಾಗಲೇ ಇರುವ ಒಂದು ಪ್ರೋಸೆಸ್ ತನ್ನನ್ನು ತಾನೇ ಎರಡು ಮಾಡಿಕೊಳ್ಳುತ್ತದೆ. ಇದಕ್ಕೆ 'ಫೋರ್ಕ್' ಎಂದು ಹೆಸರು, ಕವಲೊಡೆಯುವುದು ಎಂದರೆ ಸರಿಹೋಗುತ್ತದೆ. ಹುಟ್ಟಿದ ಮಗು ಆ ಕ್ಷಣಕ್ಕೆ ಅಪ್ಪನ ಪಡಿಯಚ್ಚು, ನಂಬರು ಮಾತ್ರ ಬೇರೆ. ಆಮೇಲೆ 'ಎಕ್ಸೆಕ್' ಎಂಬ ಇನ್ನೊಂದು ಕ್ರಿಯೆಯಿಂದ ಬಯಲಾಟದವರು ಬಣ್ಣ ಹಚ್ಚಿಕೊಂಡಂತೆ ತನ್ನ ವೇಷ ಬದಲಿಸಿ ಬೇರೆ ಪ್ರೋಗ್ರಾಮು ಆಗುತ್ತದೆ. ವೇಷ ಬದಲಾದರೂ ಅಪ್ಪ ಬದಲಾಗುವುದಿಲ್ಲ. ಕವಲೊಡೆಯುವ ಈ ಯೋಚನೆಯನ್ನು ಮೆಲ್ವಿನ್ ಕಾನ್ವೆ 1963ರಲ್ಲೇ ಬರೆದಿದ್ದರು. ಬರ್ಕ್ಲಿ ವಿಶ್ವವಿದ್ಯಾಲಯದ ಒಂದು ಯಂತ್ರ ಅದನ್ನು ಬಳಸಿತ್ತು. 1969ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟುವಾಗ ಪಿಡಿಪಿ-7 ಎಂಬ ಸಣ್ಣ ಯಂತ್ರದಲ್ಲಿ ಫೋರ್ಕ್‌ಗೆ ಬೇಕಾದದ್ದು 27 ಸಾಲು ಅಸೆಂಬ್ಲಿ ಭಾಷೆಯಷ್ಟೇ ಎಂದು ರಿಚಿ ಆಮೇಲೆ ಬರೆದುಕೊಂಡಿದ್ದಾರೆ. ಇವತ್ತು ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಅದೇ ಪದ್ಧತಿ ನಡೆದಿದೆ.

ಎಲ್ಲರೂ ಯಾರದಾದರೂ ಮಕ್ಕಳೆಂದ ಮೇಲೆ ಮೂಲಪುರುಷ ಒಬ್ಬ ಇರಲೇಬೇಕು. ಲಿನಕ್ಸ್‌ನಲ್ಲಿ ಅವನ ನಂಬರು 1. ಹಿಂದೆ ಅವನಿಗೆ 'ಇನಿಟ್' ಎನ್ನುತ್ತಿದ್ದರು. ಈಗ ಹೆಚ್ಚಿನ ಕಡೆ 'ಸಿಸ್ಟಮ್‌ಡಿ'. ಅವನ ಅಪ್ಪನ ನಂಬರಿನ ಜಾಗದಲ್ಲಿ ಸೊನ್ನೆ ಇರುತ್ತದೆ. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ತಾನೇ ಹುಟ್ಟಿಸಿದ್ದು ಎಂದು ಅರ್ಥ. ಕರ್ನಲ್ ತನ್ನ ಒಳಗಿನ ಚಾಕರಿಗೆ ಇಟ್ಟುಕೊಂಡ ಇನ್ನೊಂದು ವಂಶ ನಂಬರು 2ರಿಂದ ಶುರುವಾಗುತ್ತದೆ. ಪಿಎಸ್‌ಟ್ರೀ ಸಾಮಾನ್ಯವಾಗಿ ನಂಬರು 1ರಿಂದ ಕವಲು ಬಿಡಿಸುವುದರಿಂದ ಈ ಎರಡನೇ ವಂಶ ಕಣ್ಣಿಗೆ ಬೀಳುವುದಿಲ್ಲ; ಪಿಎಸ್ ಪಟ್ಟಿಯಲ್ಲಿ ಚೌಕ ಆವರಣದೊಳಗೆ ಬರುವ ಹೆಸರುಗಳಲ್ಲಿ ಹೆಚ್ಚಿನವರು ಅವರೇ.

ಪಿಎಸ್‌ಟ್ರೀಗೆ ಈ ಸುದ್ದಿಯೆಲ್ಲ ಯಾರು ಕೊಡುತ್ತಾರೆ? ಲಿನಕ್ಸ್‌ನಲ್ಲಿ 'ಪ್ರಾಕ್' ಎಂಬ ಒಂದು ಫೋಲ್ಡರಿದೆ. ಅದರೊಳಗೆ ಪ್ರತಿ ಪ್ರೋಸೆಸ್‌ನ ನಂಬರಿಗೆ ಒಂದೊಂದು ಮನೆ, ಮನೆಯೊಳಗೆ 'ಸ್ಟೇಟಸ್' ಎಂಬ ಕಡತ, ಅದರ ಒಂದು ಸಾಲಿನಲ್ಲಿ ಅಪ್ಪನ ನಂಬರು. ತಮಾಷೆಯೆಂದರೆ ಇವು ಯಾವುವೂ ಡಿಸ್ಕಿನ ಮೇಲೆ ಇಲ್ಲ. ನೀವು ತೆರೆದು ಓದಿದ ಕ್ಷಣಕ್ಕೆ ಕರ್ನಲ್ ಬರೆದು ಕೊಡುತ್ತದೆ. 1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಯುನಿಕ್ಸ್‌ಗೆ ತಂದ ಉಪಾಯವಿದು. ಪಿಎಸ್‌ಟ್ರೀ ಆ ಮನೆಗಳನ್ನೆಲ್ಲ ಸುತ್ತಿ ಬಂದು ಚಿತ್ರ ಬಿಡಿಸುತ್ತದೆ, ಚಿತ್ರದ ಒಂದು ಮೂಲೆಯಲ್ಲಿ ತಾನೂ ನಿಂತಿರುತ್ತದೆ, ಟರ್ಮಿನಲ್ಲಿನ ಮೊಮ್ಮಗುವಾಗಿ.

ನಮ್ಮ ಕಡೆ ಈ ಕೆಲಸ ಮಾಡುವವರು ಹೆಳವರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬೆಳಗಿನ ಹೊತ್ತು ಅಂಗಳಕ್ಕೆ ಬಂದು, ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಒಕ್ಕಲ ಮನೆಗೆ ಹೋಗುವವರು. ಪಿಎಸ್‌ಟ್ರೀಯನ್ನು ಕಂಪ್ಯೂಟರಿನ ಹೆಳವ ಎಂದುಬಿಡಬಹುದಿತ್ತು. ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ, ನನಗೆ ಮುಖ್ಯ ಅನಿಸುವುದು ಆ ಮುರಿದ ಜಾಗವೇ. ಹೆಳವರ ಪುಸ್ತಕದಲ್ಲಿ ಸತ್ತವರೇ ಹೆಚ್ಚು. ಕರ್ನಲ್‌ನ ಪುಸ್ತಕದಲ್ಲಿ ಬದುಕಿರುವವರಷ್ಟೇ ಇರುತ್ತಾರೆ. ಅಪ್ಪ ಸತ್ತರೆ ಅವನ ಹೆಸರು ಅಳಿಸಿಹೋಗುತ್ತದೆ, ಮಕ್ಕಳ ಎದುರು ಬೇರೆ ಅಪ್ಪನ ನಂಬರು ಬೀಳುತ್ತದೆ.

ಇದನ್ನು ನಾನು ಅಂಗಡಿಯಲ್ಲಿ ನನ್ನ ಅವಸರದಿಂದಲೇ ಕಂಡೆ. ಮೂಲ ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ನೇರವಾಗಿ ಒಂದು ಸ್ಕ್ರಿಪ್ಟನ್ನು, ಅಂದರೆ ಎಸ್‌ಎಚ್ ಎಂಬ ಅಪ್ಪನನ್ನು, ಕೊಂದೆ. ಅಪ್ಪ ಹೋದರೆ ಮಗನೂ ಹೋಗುತ್ತಾನೆ ಎಂದುಕೊಂಡಿದ್ದೆ. ಮತ್ತೆ ಪಿಎಸ್‌ಟ್ರೀ ನೋಡಿದರೆ ಟಾರ್ ಮತ್ತು ಜಿಜಿಪ್ ಆರಾಮಾಗಿ ಓಡುತ್ತಿವೆ, ಆದರೆ ಈಗ ನೇರವಾಗಿ ಸಿಸ್ಟಮ್‌ಡಿಯ ಕೆಳಗೆ. ಅನಾಥ ಪ್ರೋಸೆಸ್‌ಗಳನ್ನು ನಂಬರು 1 ದತ್ತು ತೆಗೆದುಕೊಳ್ಳುತ್ತದೆ, ಇಲ್ಲವೇ ಆ ಹೊಣೆ ಹೊತ್ತ ಹತ್ತಿರದ ಹಿರಿಯನೊಬ್ಬ ತೆಗೆದುಕೊಳ್ಳುತ್ತಾನೆ. ಆ ಕ್ಷಣದಲ್ಲಿ ಯಾರಾದರೂ ಹೊಸಬರು ಬಂದು ನೋಡಿದ್ದರೆ ಜಿಜಿಪ್‌ಗೂ ಸೋದರಳಿಯನ ಸ್ಕ್ರಿಪ್ಟಿಗೂ ಸಂಬಂಧವಿತ್ತು ಎಂಬುದರ ಸುಳಿವೇ ಅವರಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಮೊದಲು ನೋಡಿ, ಬರೆದಿಟ್ಟುಕೊಳ್ಳಿ, ಆಮೇಲೆ ಕೊಲ್ಲಿ. ಕೊಲ್ಲಬೇಕಾದಾಗಲೂ ಮೇಲಿನಿಂದ ಕೆಳಕ್ಕೆ ಬನ್ನಿ: ಹುಟ್ಟಿಸುವವನ ಕೈ ಕಟ್ಟಿಹಾಕಿ, ನಂತರ ಉಳಿದವರನ್ನು ಒಬ್ಬೊಬ್ಬರಾಗಿ ಕಳಿಸಿಕೊಡಿ. 'ಪಿಕಿಲ್' ಎಂಬ ಆಜ್ಞೆಗೆ ಅಡ್ಡಗೆರೆ ಮತ್ತು ದೊಡ್ಡ ಪಿ ಅಕ್ಷರ ಸೇರಿಸಿ ಅಪ್ಪನ ನಂಬರು ಕೊಟ್ಟರೆ ಅವನ ನೇರ ಮಕ್ಕಳಿಗಷ್ಟೇ ಸಂದೇಶ ಮುಟ್ಟುತ್ತದೆ, ಮೊಮ್ಮಕ್ಕಳಿಗಲ್ಲ.

ಅನಾಥರಾಗುವುದನ್ನೇ ಉಪಾಯವಾಗಿ ಮಾಡಿಕೊಂಡವರೂ ಇದ್ದಾರೆ. ಹಿನ್ನೆಲೆಯಲ್ಲಿ ಓಡುವ ಸರ್ವರ್ ಪ್ರೋಗ್ರಾಮುಗಳು ಹುಟ್ಟುತ್ತಲೇ ಎರಡು ಸಲ ಕವಲೊಡೆದು, ನಡುವಿನವನು ಸತ್ತು, ಮೊಮ್ಮಗ ಬೇಕೆಂದೇ ನಂಬರು 1ರ ಮಡಿಲು ಸೇರುವುದು ಯುನಿಕ್ಸ್‌ನ ಹಳೆಯ ರೂಢಿ. ಸಭ್ಯರ ಈ ರೂಢಿಯನ್ನೇ ಕಳ್ಳ ಪ್ರೋಗ್ರಾಮುಗಳೂ ಕಲಿತವು, ಯಾರ ಪೈಕಿ ಎಂದು ತಿಳಿಯಬಾರದಲ್ಲ! 2010ರಲ್ಲಿ ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ಹೊರತಂದಾಗ ಇದಕ್ಕೊಂದು ಮದ್ದು ಹಿಡಿದರು. ರಕ್ತಸಂಬಂಧ ಒಂದನ್ನೇ ನೆಚ್ಚದೆ, ಪ್ರತಿ ಸೇವೆಗೂ ಕರ್ನಲ್‌ನ 'ಸಿ-ಗ್ರೂಪ್' ಎಂಬ ಒಂದೊಂದು ಗುಂಪು ಕಟ್ಟಿದರು. ರೇಷನ್ ಕಾರ್ಡ್ ಇದ್ದಂತೆ ಎನ್ನಿ: ಅಪ್ಪ ಸತ್ತರೂ, ಮಗ ಮನೆಬಿಟ್ಟು ಓಡಿದರೂ ಹೆಸರು ಇರುವುದು ಅದೇ ಕಾರ್ಡಿನಲ್ಲಿ. 'ಸಿಸ್ಟಮ್‌ಡಿ-ಸಿಜಿಎಲ್‌ಎಸ್' ಎಂಬ ಆಜ್ಞೆ ಆ ಕಾರ್ಡುಗಳ ಪ್ರಕಾರ ಊರನ್ನು ತೋರಿಸುತ್ತದೆ. ನನ್ನ ಅವಸರಕ್ಕೆ ಅನಾಥವಾದ ಟಾರ್ ಕೂಡ ಅಲ್ಲಿ ಕ್ರಾನ್‌ನ ಕಾರ್ಡಿನಲ್ಲೇ ಸಿಕ್ಕಿಬಿತ್ತು. ಉಬುಂಟುವಿಗೆ ಸಿಸ್ಟಮ್‌ಡಿ ಬಂದದ್ದು 2015ರಲ್ಲಿ. ಅದರ ಬಗ್ಗೆ ಹಳಬರ ಗೊಣಗಾಟ ಇನ್ನೂ ನಿಂತಿಲ್ಲ, ಆದರೆ ಈ ಒಂದು ವಿಷಯದಲ್ಲಿ ನನ್ನ ಮತ ಅದಕ್ಕೇ.

ಕರ್ನಲ್ ಪುಸ್ತಕದಲ್ಲಿ ಬದುಕಿರುವವರಷ್ಟೇ ಎಂದೆನಲ್ಲ, ಆ ಮಾತಿಗೆ ಅಪವಾದ 'ಝಾಂಬಿ'ಗಳು. ಪಿಎಸ್ ಪಟ್ಟಿಯಲ್ಲಿ ಕೆಲವೊಮ್ಮೆ ಹೆಸರಿನ ಮುಂದೆ 'ಡಿಫಂಕ್ಟ್' ಎಂದೂ ಸ್ಥಿತಿಯ ಕಾಲಮಿನಲ್ಲಿ ಝೆಡ್ ಎಂದೂ ಬರುತ್ತದೆ. ಸಿನಿಮಾದ ಝಾಂಬಿಗಿಂತ ನಮ್ಮ ಪಹಣಿಯೇ ಇದನ್ನು ಚೆನ್ನಾಗಿ ವಿವರಿಸುತ್ತದೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಗಿರುತ್ತದೆ, ಪಹಣಿಯಲ್ಲಿ ಹೆಸರು ಇನ್ನೂ ಅಜ್ಜನದೇ, ಏಕೆಂದರೆ ಪೌತಿ ಖಾತೆ ಮಾಡಿಸಲು ಯಾರೂ ಹೋಗಿಲ್ಲ. ಹಾಗೆಯೇ ಮಗು ಪ್ರೋಸೆಸ್ ಸತ್ತರೂ, ಅದು ಹೇಗೆ ಸತ್ತಿತು ಎಂಬ ಒಂದು ಸಂಖ್ಯೆಯನ್ನು ಅಪ್ಪ ಬಂದು ಕೇಳಿ ಪಡೆಯುವವರೆಗೆ ಕರ್ನಲ್ ಅದರ ಹೆಸರನ್ನು ಪುಸ್ತಕದಲ್ಲಿ ಇಟ್ಟುಕೊಂಡಿರುತ್ತದೆ. ಝಾಂಬಿಗೆ ಮೆಮೊರಿ ಇಲ್ಲ, ಸಿಪಿಯು ಬೇಕಿಲ್ಲ. ಒಂದು ನಂಬರನ್ನಷ್ಟೇ ಹಿಡಿದು ಕೂತಿರುತ್ತದೆ. ಅದನ್ನು ಕೊಲ್ಲಲು ಹೋಗುವವರನ್ನು ಕಂಡರೆ ನನಗೆ ನಗು ಬರುತ್ತದೆ, ಸತ್ತವನನ್ನು ಮತ್ತೆ ಸಾಯಿಸುವುದು ಹೇಗೆ? ಇಲ್ಲೂ ಹೋಗಬೇಕಾದದ್ದು ಅಪ್ಪನ ಬಳಿಗೇ. ಕರ್ತವ್ಯ ಮರೆತ ಅಪ್ಪನನ್ನು ಸರಿಪಡಿಸಬೇಕು, ಇಲ್ಲವೇ ನಿಲ್ಲಿಸಬೇಕು. ಅವನು ಹೋದರೆ ನಂಬರು 1 ಬಂದು ಉಳಿದ ಕಾರ್ಯ ಮುಗಿಸುತ್ತದೆ.

ವಿಂಡೋಸ್ ಬಳಸುವವರಿಗೆ ಒಂದು ಮಾತು. ಅಲ್ಲೂ ಪ್ರತಿ ಪ್ರೋಸೆಸ್‌ಗೆ ಹುಟ್ಟಿಸಿದವನ ನಂಬರು ದಾಖಲಾಗುತ್ತದೆ, ಆದರೆ ಅಪ್ಪ ಸತ್ತ ಮೇಲೆ ಅದನ್ನು ಯಾರೂ ತಿದ್ದುವುದಿಲ್ಲ. ಸತ್ತವನ ನಂಬರನ್ನು ಮುಂದೆ ಬೇರೆ ಯಾರಿಗೋ ಕೊಡಲೂಬಹುದು, ಆಗ ಸಂಬಂಧವೇ ಇಲ್ಲದವನು ಅಪ್ಪನಂತೆ ಕಾಣಿಸುತ್ತಾನೆ. ಹುಟ್ಟಿದ ಹೊತ್ತನ್ನೂ ತಾಳೆ ನೋಡಬೇಕು. ಮಗನಿಗಿಂತ ಚಿಕ್ಕ ವಯಸ್ಸಿನ ಅಪ್ಪ ಇರಲಾರ. ಮಾರ್ಕ್ ರುಸಿನೋವಿಚ್ ಬರೆದ ಪ್ರೋಸೆಸ್ ಎಕ್ಸ್‌ಪ್ಲೋರರ್ ಅಲ್ಲಿ ಮರವನ್ನು ಬಿಡಿಸಿ ತೋರಿಸುತ್ತದೆ.

ಅಪ್ಪ ಸತ್ತ ಮೇಲೆ ಮಗುವಿನ ಮೂಲ ಹುಡುಕುವುದೆಂದರೆ ಬೂದಿಯಿಂದ ಬೆಂಕಿಯನ್ನು ಊಹಿಸಿದಂತೆ. ಆ ಕಷ್ಟ ಕುಡತಿನಿಗೆ ಹೊಸದೇನಲ್ಲ. ಊರ ಪಕ್ಕದಲ್ಲಿ ಬೂದಿದಿಬ್ಬವಿದೆ, ಬಳ್ಳಾರಿ ಸೀಮೆಯ ನವಶಿಲಾಯುಗದ ಬೂದಿದಿಬ್ಬಗಳಲ್ಲಿ ಹೆಸರುವಾಸಿಯಾದದ್ದು. ಇಷ್ಟೊಂದು ಬೂದಿ ಯಾರ ಪೈಕಿ ಎಂದು ಬಹಳ ಕಾಲ ಚರ್ಚೆ ನಡೆಯಿತು. ರಾಕ್ಷಸನನ್ನು ಸುಟ್ಟ ಬೂದಿ ಎಂದರು ಜನ. ಬಂದು ನೋಡಿದ ಇಂಗ್ಲಿಷರಲ್ಲಿ ಜ್ವಾಲಾಮುಖಿ ಎಂದವರಿದ್ದರು, ಕುಲುಮೆ ಎಂದವರಿದ್ದರು. ದನದ ಸಗಣಿ ಸುಟ್ಟದ್ದು ಎಂದು ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿದ್ದರು. 1960ರಲ್ಲಿ ಎಫ್. ಇ. ಝಾಯ್ನರ್ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಆ ಮಾತನ್ನು ಗಟ್ಟಿಮಾಡಿದರು. ದನ ಕಟ್ಟುತ್ತಿದ್ದ ದೊಡ್ಡಿ, ಅಲ್ಲಿ ತಲೆಮಾರುಗಟ್ಟಲೆ ರಾಶಿಯಾದ ಸಗಣಿ, ಮತ್ತೆ ಮತ್ತೆ ಹಚ್ಚಿದ ಬೆಂಕಿ. ಹಚ್ಚಿದವರು ಸತ್ತು ಸುಮಾರು ನಾಲ್ಕು ಸಾವಿರ ವರ್ಷವಾಗಿದೆ. ಅಪ್ಪ ಇಲ್ಲದಾಗ ಮಗುವನ್ನು ಯಾರ ಮಡಿಲಿಗಾದರೂ ಹಾಕುವುದು ಕರ್ನಲ್ ಒಂದರ ಚಾಳಿಯಲ್ಲ. ಪಕ್ಕದಲ್ಲೇ ಈಗ ಇನ್ನೊಂದು ಬೂದಿ ಬೀಳುತ್ತಿದೆ: 500, 500, 700, ಒಟ್ಟು 1700 ಮೆಗಾವ್ಯಾಟ್‌ನ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಕಲ್ಲಿದ್ದಲ ಬೂದಿ. ಅದರ ಅಪ್ಪ ಯಾರೆಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ, ಚಿಮಣಿ ದೂರದಿಂದಲೇ ಕಾಣುತ್ತದೆ.

ನಿಮ್ಮ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ಇವತ್ತು ರಾತ್ರಿ ಒಮ್ಮೆ ಪಿಎಸ್‌ಟ್ರೀ ಬರೆದು ಎಂಟರ್ ಒತ್ತಿ. ಅಡ್ಡಗೆರೆ ಹಾಕಿ ಪಿ ಸೇರಿಸಿದರೆ ನಂಬರುಗಳೂ ಕಾಣುತ್ತವೆ. ಎಸ್ ಸೇರಿಸಿ ಒಂದು ನಂಬರು ಕೊಟ್ಟರೆ ಆ ಒಂದು ಮಗುವಿನ ಅಪ್ಪ, ಅಜ್ಜ, ಮುತ್ತಜ್ಜ, ಅದಕ್ಕೇ ಮಕ್ಕಳಿದ್ದರೆ ಅವರು, ಇಷ್ಟು ಮಂದಿ ಮಾತ್ರ ಬರುತ್ತಾರೆ, ನನಗೆ ಬಹಳ ಸಲ ಬೇಕಾಗುವುದು ಇದೇ. ಪಿಎಸ್‌ಟ್ರೀ ಇಲ್ಲದ ಕಡೆ ಪಿಎಸ್‌ಗೇ ಇ, ಎಫ್ ಜೊತೆಗೆ ಎರಡು ಅಡ್ಡಗೆರೆ ಹಾಕಿ 'ಫಾರೆಸ್ಟ್' ಎಂದರೆ ಕಾಡು ಬೆಳೆಯುತ್ತದೆ. 'ಎಚ್‌ಟಾಪ್' ಇದ್ದವರು ಎಫ್5 ಒತ್ತಿದರೆ ಸಾಕು. ನೋಡಿದ್ದರಿಂದ ಯಾವುದೂ ಕೆಡುವುದಿಲ್ಲ.

ಅಂಗಡಿಯ ಕಥೆ ಮುಗಿಸುತ್ತೇನೆ. ಕ್ರಾನ್‌ನ ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿ ಸುಮ್ಮನಾಗಿಸಿದೆವು, ಉಳಿದ ಗಂಟುಗಳನ್ನು ಬಿಡಿಸಿದೆವು, ಫ್ಯಾನಿನ ಸದ್ದು ಇಳಿಯಿತು. "ಅಂದ್ರ ದೆವ್ವ ನಮ್ಮ ಮನೀದ ಅನ್ರಿ" ಎಂದು ಮಾಲೀಕರು ಫೋನಿನ ಆ ತುದಿಯಲ್ಲಿದ್ದ ಅಳಿಯನಿಗೂ ಕೇಳಿಸುವಂತೆ ನಕ್ಕರು. ಗಂಟು ಕಟ್ಟುವ ಕೆಲಸವನ್ನು ಇನ್ನು ರಾತ್ರಿ ಮಾಡೋಣ ಎಂದ ಹುಡುಗ. ಆದರೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರೂ ಬಂದ್ ಆಗಿರುತ್ತದೆ, ಬಂದ್ ಆದ ಯಂತ್ರದಲ್ಲಿ ಕ್ರಾನ್ ಯಾರನ್ನೂ ಎಬ್ಬಿಸುವುದಿಲ್ಲ. ಈಗ ಆ ಸ್ಕ್ರಿಪ್ಟು ದಿನಕ್ಕೆ ಒಂದೇ ಸಲ, ಮಧ್ಯಾಹ್ನ ಎರಡಕ್ಕೆ, ಮಾಲೀಕರು ಊಟಕ್ಕೆ ಮನೆಗೆ ಹೋದಾಗ ಓಡುತ್ತದೆ.